ವಾರಂಟಿ ಮುಗಿದ ಸ್ಪೋರ್ಟ್ಸ್ ಕಾರಿನ ಎಂಜಿನ್ ಕೈಕೊಟ್ಟರೆ: ಬಿಚ್ಚುವ ಮೊದಲು ಏನು, ಬಿಚ್ಚಿದ ಮೇಲೆ ಏನು?

ಬಾಕ್ಸರ್‌ಆರು
ನನ್ನದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. ಆರು ಸಿಲಿಂಡರಿನ ವಾಟರ್ ಕೂಲ್ಡ್ ಬಾಕ್ಸರ್ ಎಂಜಿನ್ (ಸಿಲಿಂಡರ್‌ಗಳು ಎರಡು ಬದಿಗೆ ಮಲಗಿರುವಂಥದ್ದು), ಟರ್ಬೊ ಇಲ್ಲ, ಮ್ಯಾನುಯಲ್ ಗೇರ್. ಓಡಿರುವುದು 1,12,000 ಕಿ.ಮೀ. ವಾರಂಟಿ ಯಾವತ್ತೋ ಮುಗಿದಿದೆ.

ಲಕ್ಷಣಗಳು: ಎಂಜಿನ್ ಬಿಸಿಯಾದ ಮೇಲೆ ಒಂದೇ ಬದಿಯಿಂದ ಟಕ್ ಟಕ್ ಸದ್ದು. 1,000 ಕಿ.ಮೀ.ಗೆ ಸುಮಾರು ಒಂದು ಲೀಟರ್ ಆಯಿಲ್ ಕುಡಿಯುತ್ತದೆ. ಒಂದು ಸೈಲೆನ್ಸರ್ ತುದಿಗೆ ಮಾತ್ರ ಕಪ್ಪು ಮಸಿ. ಈಗ ಮಿಸ್‌ಫೈರ್ (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದಿರುವುದು) ಕೋಡ್ ಬಂದು ಎಂಜಿನ್ ದೀಪ ಮಿಣುಕುತ್ತಿದೆ, ಗಾಡಿ ನಿಲ್ಲಿಸಿದ್ದೇನೆ.

ಒಂದು ಗ್ಯಾರೇಜಿನವರು "ಎಂಜಿನ್ ಹೋಯ್ತು, ಬೇರೆ ಹಾಕಿಸಿ" ಅಂತಾರೆ. ಇನ್ನೊಬ್ಬರು "ದಪ್ಪ ಆಯಿಲ್ ಹಾಕಿ ಓಡಿಸಿ" ಅಂತಾರೆ. ಇಬ್ಬರೂ ಒಂದು ಬೋಲ್ಟನ್ನೂ ಬಿಚ್ಚಿ ನೋಡಿಲ್ಲ. ದುಡ್ಡು ಸುರಿಯುವ ಮೊದಲು ಯಾವ ಕ್ರಮದಲ್ಲಿ ಏನೇನು ಪರೀಕ್ಷೆ ಮಾಡಿಸಬೇಕು?

ಫೀಲರ್‌ಗೇಜ್
"ಸದ್ದು ಈಗಲೂ ಇದೆಯಾ" ಅಂತ ನೋಡಲು ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದನ್ನು ಮೊದಲು ಬಿಡಿ. ಬೇರಿಂಗ್ ಸವೆದು ಬರುವ ಸದ್ದಾಗಿದ್ದರೆ ಇವತ್ತು ಪಾಲಿಶ್‌ನಲ್ಲಿ ಮುಗಿಯುವ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್), ನಾಲ್ಕು ಸಲ ಸ್ಟಾರ್ಟ್ ಆದಮೇಲೆ ಗುಜರಿಗೆ ಹೋಗುತ್ತದೆ. ರಾಡ್ (ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ತೋಳು) ಮುರಿದು ಬ್ಲಾಕಿಗೆ ತೂತು ಬಿದ್ದರಂತೂ ರಿಪೇರಿಗೂ ದಾರಿಯಿಲ್ಲ, ಹಳೆ ಎಂಜಿನ್ ವಾಪಸ್ ಕೊಟ್ಟರೆ ಸಿಗುವ ಕೋರ್ ಹಣವೂ ಇಲ್ಲ. ಹಗ್ಗ ಕಟ್ಟಿ ಎಳೆಸಬೇಡಿ, ಫ್ಲ್ಯಾಟ್‌ಬೆಡ್ ಕರೆಸಿ.

ಎರಡನೆಯದು, ಕೋಡ್ ಅಳಿಸಲು ಬಿಡಬೇಡಿ. ಕೋಡಿನ ಜೊತೆ ಫ್ರೀಜ್ ಫ್ರೇಮ್ ಇರುತ್ತದೆ: ಆ ಕ್ಷಣದ ಆರ್‌ಪಿಎಂ, ಲೋಡ್, ಕೂಲೆಂಟ್ ತಾಪ. ಅದರ ಫೋಟೊ ತೆಗೆದಿಡಿ. ಸಿಲಿಂಡರ್‌ವಾರು ಮಿಸ್‌ಫೈರ್ ಲೆಕ್ಕ, ಎರಡೂ ಬ್ಯಾಂಕಿನ (ಒಂದೊಂದು ಬದಿಯ ಸಿಲಿಂಡರ್ ಸಾಲು) ಫ್ಯೂಯಲ್ ಟ್ರಿಮ್ (ಪೆಟ್ರೋಲ್ ಪ್ರಮಾಣಕ್ಕೆ ಕಂಪ್ಯೂಟರ್ ಮಾಡಿದ ತಿದ್ದುಪಡಿ), ಕ್ಯಾಮ್‌ಶಾಫ್ಟ್ ಡೀವಿಯೇಷನ್ ಕೋನ (ವಾಲ್ವ್ ತೆರೆಸುವ ಶಾಫ್ಟ್ ಇರಬೇಕಾದ ಸ್ಥಾನದಿಂದ ಎಷ್ಟು ಸರಿದಿದೆ ಅನ್ನುವುದು), ಇವನ್ನೂ ಬರೆದುಕೊಳ್ಳಿ. ಕಂಪನಿಯ ಸ್ಕ್ಯಾನರ್ ಸಿಕ್ಕರೆ ಓವರ್‌ರೆವ್ ದಾಖಲೆಯನ್ನೂ ತೆಗೆಸಿ. ನಾಲ್ಕನೆಯದಕ್ಕೆ ಹೋಗಬೇಕಾದ ಗೇರು ಎರಡನೆಯದಕ್ಕೆ ಬಿದ್ದು ಎಂಜಿನ್ ಮಿತಿ ಮೀರಿ ತಿರುಗಿದ್ದರೆ ಅನೇಕ ಸ್ಪೋರ್ಟ್ಸ್ ಕಾರುಗಳ ಇಸಿಯು (ಎಂಜಿನ್ ಕಂಪ್ಯೂಟರ್) ಅದನ್ನು ಗಂಟೆಯ ಲೆಕ್ಕದೊಂದಿಗೆ ಬರೆದಿಟ್ಟಿರುತ್ತದೆ.

ಆಮೇಲಿನ ಕ್ರಮ: ಆಯಿಲ್ ಮತ್ತು ಫಿಲ್ಟರ್, ಪ್ಲಗ್, ಬೋರ್‌ಸ್ಕೋಪ್ (ಸಿಲಿಂಡರಿನೊಳಗೆ ಇಳಿಸಿ ನೋಡುವ ಸಣ್ಣ ಕ್ಯಾಮೆರಾ), ಕಂಪ್ರೆಷನ್ (ಪಿಸ್ಟನ್ ಎಷ್ಟು ಒತ್ತಡ ಏರಿಸುತ್ತದೆ ಅನ್ನುವ ಅಳತೆ), ಲೀಕ್‌ಡೌನ್ (ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅನ್ನುವ ಅಳತೆ). ಇಷ್ಟಕ್ಕೂ ಎಂಜಿನ್ ಇಳಿಸಬೇಕಾಗಿಲ್ಲ.

ಸಂಪ್‌ಪ್ಲಗ್
ಆಯಿಲ್ ವಿಷಯ ನಾನು ಹೇಳ್ತೀನಿ, ಅರ್ಧ ಉತ್ತರ ಅಲ್ಲೇ ಇರುತ್ತೆ.

ಆಯಿಲನ್ನು ತೊಳೆದ ಟ್ರೇಗೆ ಇಳಿಸಿ. ಮೊದಲ ಅರ್ಧ ಲೀಟರ್ ಹೋಗಲಿ, ನಡುವಿನ ಧಾರೆಯಿಂದ 100 ಮಿ.ಲೀ. ಶುದ್ಧವಾದ ಬಾಟಲಿಗೆ ಹಿಡಿದು ಲ್ಯಾಬಿಗೆ ಕಳಿಸಿ. ಫಿಲ್ಟರನ್ನು ಹಿಂಡಿ ಎಸೆಯಬೇಡಿ. ಡಬ್ಬಿ ಫಿಲ್ಟರ್ ಆದರೆ ಫಿಲ್ಟರ್ ಕಟರ್‌ನಿಂದ ಕತ್ತರಿಸಿ. ಗರಗಸ ಆಡಿಸಿದರೆ ಗರಗಸದ ಪುಡಿಯೇ ಒಳಗೆ ಸೇರಿ ದಾರಿ ತಪ್ಪಿಸುತ್ತದೆ. ಒಳಗಿನ ಮಡಿಕೆ ಕಾಗದವನ್ನು ಚಾಕುವಿನಿಂದ ಬಿಡಿಸಿ, ಬಿಳಿ ಬಟ್ಟೆಯ ಮೇಲೆ ಹರಡಿ, ಬಿಸಿಲಿಗೆ ಹಿಡಿದು ನೋಡಿ.

ಆಯಸ್ಕಾಂತಕ್ಕೆ ಅಂಟುವ ಮಿನುಗು ಚೂರು ಉಕ್ಕು: ಚೈನ್, ಬಾಲ್ ಬೇರಿಂಗ್, ಕ್ಯಾಮ್ ಅಥವಾ ಲಿಫ್ಟರ್. ತಾಮ್ರದ ಬಣ್ಣದ ಹಾಳೆಯಂಥ ಚೂರು, ಅಂಟುವುದಿಲ್ಲ: ಬಿಗ್ ಎಂಡ್ (ರಾಡಿನ ದೊಡ್ಡ ತುದಿಯ) ಅಥವಾ ಮೇನ್ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂರುವ ಜಾಗದ) ಬೇರಿಂಗಿನ ಶೆಲ್ ಅನ್ನುವ ತೆಳು ತಗಡಿನ ಮೇಲ್ಪದರ ಹೋಗಿ ಒಳಪದರ ಕಾಣಿಸಿಕೊಂಡಿದೆ. ಬೆಳ್ಳಿ ಬಣ್ಣ, ಅಂಟುವುದಿಲ್ಲ: ಅಲ್ಯೂಮಿನಿಯಂ, ಅಂದರೆ ಪಿಸ್ಟನ್, ಬೋರ್ (ಪಿಸ್ಟನ್ ಓಡುವ ಸಿಲಿಂಡರಿನ ಒಳಗೋಡೆ), ಅಥವಾ ಈಚಿನ ಬಗೆಯ ಶೆಲ್. ಕಂದು ಬಣ್ಣದ ಪ್ಲಾಸ್ಟಿಕ್ ಚೂರು ಚೈನ್ ಗೈಡಿನದು. ರಬ್ಬರಿನಂಥ ದಾರವಿದ್ದರೆ ಯಾರೋ ಸೀಲೆಂಟ್ ಧಾರಾಳವಾಗಿ ಬಳಿದಿದ್ದಾರೆ. ಅದು ಆಯಿಲ್ ಪಂಪಿನ ಬಾಯಿಯ ಪಿಕಪ್ ಜಾಲರಿಗೆ ಸಿಕ್ಕಿ ಆಯಿಲ್ ಪ್ರೆಷರ್ ಬೀಳಿಸಿಯೇ ಎಂಜಿನ್ ಹೋಗಿರಬಹುದು.

ಲ್ಯಾಬ್ ವರದಿ ಓದುವಾಗ ಒಂದು ಎಚ್ಚರ. "ಸೀಸ ಕಡಿಮೆ ಇದೆ, ಬೇರಿಂಗ್ ಚೆನ್ನಾಗಿದೆ" ಅನ್ನುವ ತೀರ್ಮಾನ ಎಲ್ಲ ಎಂಜಿನ್‌ಗೂ ಹೊಂದದು. ಬಿಎಂಡಬ್ಲ್ಯು ಎಸ್65 ಎಂಜಿನ್ನಿನ (2007-2013ರ ಎಂ3 ವಿ8) ಮೊದಲ ವರ್ಷಗಳ ರಾಡ್ ಬೇರಿಂಗ್ ಸೀಸ-ತಾಮ್ರದ್ದು, ನಂತರದ್ದು ಅಲ್ಯೂಮಿನಿಯಂ-ತವರದ್ದು. ಎರಡನೆಯ ಬಗೆಯಲ್ಲಿ ಶೆಲ್ ಪೂರ್ತಿ ಸವೆದರೂ ಸೀಸದ ಅಂಕಿ ಏರುವುದಿಲ್ಲ.

ಸ್ಟ್ರೇಟ್‌ಕಟ್
ದಪ್ಪ ಆಯಿಲ್ ಸಲಹೆ ಕೊಟ್ಟವರಿಗೆ ದೊಡ್ಡ ನಮಸ್ಕಾರ. ಸದ್ದು ಒಂದಿಷ್ಟು ದಿನ ಮುಚ್ಚಿಹೋಗುತ್ತೆ, ಗಾಡಿ ಮಾರುವವರಿಗೆ ಅನುಕೂಲ. ಬೋರಿನಲ್ಲಿ ಗೀರು ಬಿದ್ದಮೇಲೆ ಆಯಿಲ್ ಗ್ರೇಡ್ ಅದನ್ನು ತುಂಬಿಕೊಡಲ್ಲ. ಎಂಜಿನ್ ಫ್ಲಶ್ ಕೂಡ ಈಗ ಬೇಡ. ತಳದಲ್ಲಿ ಕೂತ ಕಸವನ್ನೆಲ್ಲ ಎಬ್ಬಿಸಿ ಪಂಪಿಗೆ ಕಳಿಸುತ್ತೆ, ಸಾಕ್ಷ್ಯವನ್ನೂ ತೊಳೆದುಬಿಡುತ್ತೆ.

ಮಸಿಯ ಬಗ್ಗೆ: ಮಸಿ ಯಾವ ಬದಿ ಇದೆಯೋ ಅದೇ ಬದಿಯ ಸಿಲಿಂಡರ್ ಕೆಟ್ಟಿದೆ ಅಂದ್ಕೋಬೇಡಿ. ಕೆಲವು ಕಾರುಗಳಲ್ಲಿ ಪೈಪು ಅಡ್ಡ ದಾಟಿ ಎದುರು ಬದಿಯ ಸೈಲೆನ್ಸರ್‌ಗೆ ಹೋಗುತ್ತೆ. ಕೆಳಗೆ ಮಲಗಿ ಪೈಪಿನ ದಾರಿ ನೋಡಿ.

ಫೀಲರ್‌ಗೇಜ್
ಕಂಪ್ರೆಷನ್ ಟೆಸ್ಟ್ ಅನ್ನುವುದನ್ನು ಅರ್ಧಂಬರ್ಧ ಮಾಡಿ ತಪ್ಪು ಅಂಕಿ ಕೊಡುವವರೇ ಹೆಚ್ಚು, ಹಾಗಾಗಿ ಪೂರ್ತಿ ಬರೆಯುತ್ತೇನೆ.

ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ, ಜೊತೆಗೆ ಚಾರ್ಜರ್ ಹಚ್ಚಿ. ಫ್ಯೂಯಲ್ ಪಂಪಿನ ಫ್ಯೂಸ್ ತೆಗೆಯಿರಿ, ಕಾಯಿಲ್‌ಗಳ ಕನೆಕ್ಟರ್ ಬಿಚ್ಚಿ, ಆರೂ ಪ್ಲಗ್ ಹೊರಗೆ. ಥ್ರಾಟಲ್ ಪೂರ್ತಿ ತೆರೆದಿರಬೇಕು. ಎಲೆಕ್ಟ್ರಾನಿಕ್ ಥ್ರಾಟಲ್ ಇರುವ ಕಾರಿನಲ್ಲಿ ಪೆಡಲ್ ಒತ್ತಿದರೂ ಕೆಲವೊಮ್ಮೆ ತೆರೆದುಕೊಳ್ಳುವುದಿಲ್ಲ, ಕಣ್ಣಾರೆ ನೋಡಿಕೊಳ್ಳಿ. ಪ್ರತಿ ಸಿಲಿಂಡರಿಗೂ ಒಂದೇ ಸಂಖ್ಯೆಯ ಕಂಪ್ರೆಷನ್ ಹೊಡೆತ, ಐದೋ ಆರೋ. ಮೊದಲ ಹೊಡೆತದ ಅಂಕಿ, ಕೊನೆಯ ಅಂಕಿ, ಎರಡನ್ನೂ ಬರೆಯಿರಿ. ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ, 10-15% ದಾಟಿದರೆ ಹುಡುಕಬೇಕು. ಎಂಜಿನ್ ಬಿಸಿಯಿದ್ದಾಗ ಮಾಡುವುದು ರೂಢಿ. ಆದರೆ ಫಿಲ್ಟರಿನಲ್ಲಿ ತಾಮ್ರ ಸಿಕ್ಕಿದ್ದರೆ ಬಿಸಿ ಮಾಡಲು ಹೋಗಬೇಡಿ, ತಣ್ಣಗಿರುವಾಗಲೇ ಮಾಡಿ.

ಅಂಕಿ ಕಡಿಮೆ ಬಂದ ಸಿಲಿಂಡರಿಗೆ 5 ಮಿ.ಲೀ. ಆಯಿಲ್ ಹಾಕಿ ಇನ್ನೊಮ್ಮೆ ಅಳೆಯಿರಿ. ಏರಿದರೆ ದೋಷ ರಿಂಗಿನದು (ಪಿಸ್ಟನ್ ಸುತ್ತ ಬೋರಿಗೆ ಒತ್ತಿ ಸೀಲ್ ಮಾಡುವ ಉಂಗುರ), ಏರದಿದ್ದರೆ ವಾಲ್ವಿನದು.

ಸ್ಟ್ರೇಟ್‌ಕಟ್
@ಫೀಲರ್‌ಗೇಜ್, ಆ ಕೊನೆಯ ಮಾತು ನೆಟ್ಟಗೆ ನಿಂತ ಎಂಜಿನ್‌ಗೆ ಸರಿ. ಬಾಕ್ಸರಿನಲ್ಲಿ ಸಿಲಿಂಡರ್ ಮಲಗಿರುತ್ತೆ ಸ್ವಾಮಿ. ಹಾಕಿದ ಆಯಿಲ್ ಕೆಳಗಿನ ಗೋಡೆಯಲ್ಲಿ ನಿಲ್ಲುತ್ತೆ, ರಿಂಗಿನ ಮೇಲುಭಾಗಕ್ಕೆ ಹೋಗೋದೇ ಇಲ್ಲ. ಆ ಅಂಕಿ ನಂಬಿ ಹೆಡ್ ಬಿಚ್ಚಿಸಬೇಡಿ.

ಇನ್ನೊಂದು. ಬೋರಿನಲ್ಲಿ ಗೀರು ಬಿದ್ದ ಎಂಜಿನ್ ಕಂಪ್ರೆಷನ್ ಟೆಸ್ಟಿನಲ್ಲಿ ಎಷ್ಟೋ ಸಲ ಪಾಸ್ ಆಗುತ್ತೆ. ಗೀರಿನ ತುಂಬ ಆಯಿಲ್ ನಿಂತು ಸೀಲ್ ಆಗಿರುತ್ತೆ. ಲೀಕ್‌ಡೌನ್ ಮತ್ತು ಬೋರ್‌ಸ್ಕೋಪ್ ಇಲ್ಲದೆ ತೀರ್ಪು ಬೇಡ.

ಫೀಲರ್‌ಗೇಜ್
ಬಾಕ್ಸರ್ ವಿಷಯ ಒಪ್ಪಿದೆ.

ಲೀಕ್‌ಡೌನ್: ಪಿಸ್ಟನ್ ಕಂಪ್ರೆಷನ್ ಹೊಡೆತದ ತುದಿಯಲ್ಲಿರಬೇಕು, ಎರಡೂ ವಾಲ್ವ್ ಮುಚ್ಚಿರಬೇಕು. ಕ್ರ್ಯಾಂಕನ್ನು ಲಾಕ್ ಮಾಡಿ, ಇಲ್ಲದಿದ್ದರೆ ಗಾಳಿಯ ಒತ್ತಡಕ್ಕೆ ತಿರುಗಿ ಕೈಗೆ ಪೆಟ್ಟಾದೀತು. ಸುಮಾರು 7 ಬಾರ್ ಗಾಳಿ ಕೊಡಿ. ಸೋರಿಕೆ 10%ರೊಳಗೆ ಇದ್ದರೆ ಚೆನ್ನ, 20% ತನಕ ಸವೆತ, ಅದರ ಮೇಲೆ ದೋಷ. ಗಾಳಿ ಎಲ್ಲಿಂದ ಬುಸ್ ಅನ್ನುತ್ತದೆ ಅಂತ ಕಿವಿಗೊಡಿ: ಏರ್ ಇನ್‌ಟೇಕಿನಲ್ಲಿ ಬಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್ ಅಥವಾ ಬೋರ್, ಕೂಲೆಂಟ್ ಟ್ಯಾಂಕಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಬಿರುಕು.

ಬೋರ್‌ಸ್ಕೋಪಿನ ತುದಿ ಬಾಗುವಂಥದ್ದಿರಲಿ. ನೇರ ಕ್ಯಾಮೆರಾದಲ್ಲಿ ಪಿಸ್ಟನ್ ತಲೆ ಮಾತ್ರ ಕಾಣುತ್ತದೆ. ಪಿಸ್ಟನ್ ಕೆಳಗಿಳಿಸಿ ಗೋಡೆಯ ಸುತ್ತ ನೋಡಿ. ಇನ್ನೂ ಒಳ್ಳೆಯದೆಂದರೆ ಆಯಿಲ್ ಪ್ಯಾನ್ ತೆಗೆದು, ಪಿಸ್ಟನ್ ಮೇಲೇರಿಸಿ, ಕೆಳಗಿನಿಂದ ಬೋರಿನ ತುದಿಯನ್ನು ನೋಡುವುದು. ಗೀರು ಶುರುವಾಗುವುದು ಬಹುಪಾಲು ಅಲ್ಲಿಂದಲೇ. ಸಣ್ಣ ಅಡ್ಡಹಾಯ್ದ ಹೋನಿಂಗ್ ಗೆರೆ ಸಹಜ. ಉಗುರಿಗೆ ತಡೆಯುವಂಥ ಉದ್ದುದ್ದ ಪಟ್ಟೆ ದೋಷ.

ಆಪೆಕ್ಸ್‌ಸೀಲ್
ಈ ಎಳೆಯನ್ನು ರೋಟರಿ ಎಂಜಿನ್ (ಪಿಸ್ಟನ್ ಬದಲು ಮೂರು ಮುಖದ ರೋಟರ್ ತಿರುಗುವಂಥದ್ದು) ಇರುವವರೂ ಓದುತ್ತಿರಬಹುದು, ಅವರಿಗಾಗಿ ಅಡ್ಡಮಾತು. ಮಜ್ದಾ ಆರ್‌ಎಕ್ಸ್-8 ಕಾರಿಗೆ ಮೇಲಿನ ವಿಧಾನ ನಡೆಯಲ್ಲ. ಸಾಮಾನ್ಯ ಗೇಜ್ ಒಂದು ರೋಟರಿನ ಮೂರು ಮುಖಗಳಲ್ಲಿ ಅತಿ ಹೆಚ್ಚಿನದನ್ನು ಮಾತ್ರ ಹಿಡಿದಿಟ್ಟು ತೋರಿಸುತ್ತೆ, ಎರಡು ಮುಖ ಸತ್ತಿದ್ದರೂ ಗೊತ್ತಾಗಲ್ಲ. ಮೂರೂ ಮುಖ ಬೇರೆ ಬೇರೆ ದಾಖಲಿಸುವ ರೋಟರಿ ಟೆಸ್ಟರ್ ಬೇಕು, ಅಂಕಿಯನ್ನು 250 ಆರ್‌ಪಿಎಂಗೆ ಹೊಂದಿಸಿ ಓದಬೇಕು. ಕನಿಷ್ಠ ಮಿತಿ 680 ಕಿಲೋಪ್ಯಾಸ್ಕಲ್. ಬಿಸಿ ಎಂಜಿನ್ ಮತ್ತೆ ಸ್ಟಾರ್ಟ್ ಆಗಲು ಸತಾಯಿಸಿದರೆ ಅದೇ ಮೊದಲ ಸೂಚನೆ.

ಬಾಕ್ಸರ್‌ಆರು
ಎಲ್ಲರಿಗೂ ಧನ್ಯವಾದ. ಫಲಿತಾಂಶ:

ಫಿಲ್ಟರಿನಲ್ಲಿ ನವಿರಾದ ಬೆಳ್ಳಿ ಪುಡಿ, ಆಯಸ್ಕಾಂತಕ್ಕೆ ಅಂಟುವುದಿಲ್ಲ. ತಾಮ್ರವಿಲ್ಲ, ಪ್ಲಾಸ್ಟಿಕ್ ಇಲ್ಲ. ಕಂಪ್ರೆಷನ್ ಆರರಲ್ಲೂ ಹತ್ತಿರ ಹತ್ತಿರ. ಲೀಕ್‌ಡೌನ್ ಐದು ಸಿಲಿಂಡರಿನಲ್ಲಿ 6ರಿಂದ 9%, ಆರನೆಯದರಲ್ಲಿ 34%, ಗಾಳಿ ಆಯಿಲ್ ಮುಚ್ಚಳದಿಂದ ಬರುತ್ತಿದೆ. ಆರನೆಯ ಪ್ಲಗ್ ಒದ್ದೆ, ಕಪ್ಪು. ಬೋರ್‌ಸ್ಕೋಪಿನಲ್ಲಿ ಆರನೆಯದರ ಒಂದು ಬದಿಯಲ್ಲಿ ಅಗಲವಾದ ಪಟ್ಟೆ, ಐದನೆಯದರಲ್ಲಿ ಒಂದೆರಡು ಸಣ್ಣ ಗೆರೆ.

ಸ್ಟ್ರೇಟ್‌ಕಟ್
ಬೋರ್ ಸ್ಕೋರಿಂಗ್, ಅಂದ್ರೆ ಬೋರಿನ ಗೋಡೆಗೆ ಗೀರು. ಆದ್ರೆ ಬೇರಿಂಗ್ ಬದುಕಿದೆ, ಅಷ್ಟರಮಟ್ಟಿಗೆ ಒಳ್ಳೇ ಸುದ್ದಿ.

ಲೇತ್‌ಮನೆ
ಇದರ ಕಾರಣ ತಿಳಿದುಕೊಂಡರೆ ಮುಂದಿನ ಖರ್ಚು ಅರ್ಥವಾಗುತ್ತದೆ. ಈ ಬಗೆಯ ಎಂಜಿನ್‌ಗಳಲ್ಲಿ ಕಬ್ಬಿಣದ ಲೈನರ್ (ಸಿಲಿಂಡರಿನ ಒಳಕೊಳವೆ) ಇರುವುದಿಲ್ಲ. ಬೋರ್ ಎಂದರೆ ಸಿಲಿಕಾನ್ ಕಣ ಸೇರಿದ ಅಲ್ಯೂಮಿನಿಯಂ. ಅಲ್ಯುಸಿಲ್, ಲೋಕಾಸಿಲ್ ಅನ್ನುವ ಹೆಸರು ಕೇಳಿರಬಹುದು. ಅದರೊಳಗೆ ಓಡುವ ಅಲ್ಯೂಮಿನಿಯಂ ಪಿಸ್ಟನ್ನಿನ ಪಕ್ಕೆಗೆ ಕಬ್ಬಿಣದ ತೆಳು ಲೇಪವಿರುತ್ತದೆ. ಲೇಪ ಕಿತ್ತುಹೋದ ಮೇಲೆ ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಉಜ್ಜಿ ಒಂದನ್ನೊಂದು ಕಚ್ಚಿ ಕಿತ್ತುಕೊಳ್ಳುತ್ತದೆ. ನಿಮ್ಮ ಫಿಲ್ಟರಿನ ಬೆಳ್ಳಿ ಪುಡಿ ಅದೇ.

ಇದಕ್ಕೆ ಹಳೆ ಪದ್ಧತಿಯಲ್ಲಿ ಹೋನಿಂಗ್ ಕಲ್ಲು ಆಡಿಸಿ ಓವರ್‌ಸೈಜ್ ರಿಂಗ್ ಹಾಕಿಕೊಡುವವರಿದ್ದಾರೆ. ಬೇಡ. ಸಿಲಿಕಾನ್ ಕಣ ಮೇಲೆದ್ದು ನಿಂತು ಅಲ್ಯೂಮಿನಿಯಂ ಸ್ವಲ್ಪ ತಗ್ಗಿರಬೇಕು, ಆಗಲೇ ರಿಂಗಿಗೆ ಗಟ್ಟಿ ಮೈ, ಆಯಿಲಿಗೆ ನಿಲ್ಲುವ ಜಾಗ. ಬರೀ ಕಲ್ಲು ಆಡಿಸಿದರೆ ಆ ಮೈಯೇ ಸಿಗುವುದಿಲ್ಲ. ಉಳಿಯುವ ದಾರಿ ಬೋರ್ ಕೊರೆದು ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ) ಹಾಕಿಸುವುದು: ನಿಕಾಸಿಲ್ (ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡಿನ) ಲೇಪದ ಅಲ್ಯೂಮಿನಿಯಂ ಸ್ಲೀವ್ ಅಥವಾ ಡಕ್ಟೈಲ್ ಕಬ್ಬಿಣದ್ದು. ನನ್ನ ಮತ ಅಲ್ಯೂಮಿನಿಯಂಗೆ. ಬ್ಲಾಕಿನ ಜೊತೆಗೇ ಹಿಗ್ಗುತ್ತದೆ, ಶಾಖ ಬೇಗ ಬಿಟ್ಟುಕೊಡುತ್ತದೆ. ಯಾವುದೇ ಆಗಲಿ, ಒಂದು ಸಿಲಿಂಡರಿಗೆ ಮಾತ್ರ ಹಾಕಿಸಿ ಐದನ್ನು ಬಿಡುವುದು ಉಳಿತಾಯವಲ್ಲ. ಐದನೆಯದರಲ್ಲಿ ಗೆರೆ ಮೂಡಿದೆ ಅಂತ ನೀವೇ ಬರೆದಿದ್ದೀರಿ.

ಎಂಜಿನ್ ಬಿಚ್ಚಿದ ಮೇಲೆ ಲೇತಿನವರಿಂದ ಬರಹದಲ್ಲಿ ಕೇಳಬೇಕಾದ ಅಳತೆಗಳಿವೆ. ಕ್ರ್ಯಾಂಕ್ ಜರ್ನಲ್‌ಗಳ (ಬೇರಿಂಗ್ ಕೂರುವ ದುಂಡು ಭಾಗಗಳ) ವ್ಯಾಸ, ಪ್ರತಿಯೊಂದರಲ್ಲೂ ಎರಡು ದಿಕ್ಕಿಗೆ, ಎರಡು ತುದಿಗೆ. ಬಿರುಕು ಪರೀಕ್ಷೆ. ರಾಡಿನ ದೊಡ್ಡ ತುದಿ ದುಂಡಗಿದೆಯೇ. ಬೇರಿಂಗ್ ಸಂದು. ಇದಕ್ಕೆ ಹಳೆಯ ಲೆಕ್ಕ 25 ಮಿ.ಮೀ. ವ್ಯಾಸಕ್ಕೆ 0.025 ಮಿ.ಮೀ.; ಅಂದರೆ 55 ಮಿ.ಮೀ. ಜರ್ನಲ್‌ಗೆ ಸುಮಾರು 0.055. ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಟರ್ಬೊ ಇಲ್ಲದ ಎಂಜಿನ್‌ಗೆ 25 ಮಿ.ಮೀ. ಬೋರಿಗೆ 0.10 ಮಿ.ಮೀ.; 100 ಮಿ.ಮೀ. ಬೋರಾದರೆ 0.40. ಟರ್ಬೊ ಇದ್ದರೆ ಇನ್ನೂ ಹೆಚ್ಚು ಬಿಡಬೇಕು, ಇಲ್ಲದಿದ್ದರೆ ಬಿಸಿಗೆ ರಿಂಗಿನ ತುದಿಗಳು ಕೂಡಿಕೊಂಡು ಪಿಸ್ಟನ್ನಿನ ರಿಂಗ್ ಲ್ಯಾಂಡ್ (ರಿಂಗ್ ಕೂರುವ ಗಾಡಿಗಳ ನಡುವಿನ ಅಂಚು) ಮುರಿಯುತ್ತದೆ. ಇವು ಅಂದಾಜಿಗೆ. ಕೊನೆಯ ಮಾತು ಎಂಜಿನ್ ಕೈಪಿಡಿ ಮತ್ತು ಪಿಸ್ಟನ್ ತಯಾರಕರ ಹಾಳೆಯದು. "ಎಲ್ಲಾ ಓಕೆ ಸರ್" ಅನ್ನುವುದು ಅಳತೆಯಲ್ಲ.

ರಾಡ್ ಬೋಲ್ಟ್, ಹೆಡ್ ಬೋಲ್ಟ್, ಫ್ಲೈವೀಲ್ ಬೋಲ್ಟ್: ಕೋನದ ಲೆಕ್ಕದಲ್ಲಿ ಬಿಗಿಯುವಂಥವು ಒಮ್ಮೆ ಎಳೆದುಕೊಂಡ ಮೇಲೆ ಮತ್ತೆ ಬಳಸಬಾರದು. ಹೊಸದೇ.

ಖಾತೆಪುಸ್ತಕ
ಸ್ಲೀವ್ ಹಾಕಿಸಿ ಕಟ್ಟುವುದೊಂದೇ ದಾರಿ ಅಲ್ಲ. ಲೆಕ್ಕ ಹಾಕೋಣ.

ಎರಡು ಅಂಕಿ ಮೊದಲು ಬೇಕು: ಇದೇ ಮಾಡೆಲ್ ಓಡುವ ಸ್ಥಿತಿಯಲ್ಲಿ ಎಷ್ಟಕ್ಕೆ ಹೋಗುತ್ತದೆ, ಎಂಜಿನ್ ಕೆಟ್ಟ ಸ್ಥಿತಿಯಲ್ಲಿ ಎಷ್ಟಕ್ಕೆ ಹೋಗುತ್ತದೆ. ಈ ಎರಡರ ನಡುವಿನ ಅಂತರ ನಿಮ್ಮ ರಿಪೇರಿಯ ಮಿತಿ. ಗ್ಯಾರೇಜಿನ ಅಂದಾಜಿನ ಮೇಲೆ 30% ಸೇರಿಸಿಯೂ ಮಿತಿಯೊಳಗಿದ್ದರೆ ಮಾಡಿಸಿ. ಮೀರಿದರೆ ಕಾರಣ ಹಣವಲ್ಲ, ಮೋಹ. ಮೋಹಕ್ಕೆ ಖರ್ಚು ಮಾಡುವುದು ತಪ್ಪಲ್ಲ, ಗೊತ್ತಿದ್ದು ಮಾಡಬೇಕು ಅಷ್ಟೆ.

ಹಳೆ ಎಂಜಿನ್ ತಂದು ಕೂರಿಸುವುದು ಅಗ್ಗವಾಗಿ ಕಾಣುತ್ತದೆ. ಆದರೆ ಅದೇ ವಿನ್ಯಾಸದ ಎಂಜಿನ್, ಅದೇ ರೋಗದ ಸಾಧ್ಯತೆ. ತರುವ ಮೊದಲು ಅದಕ್ಕೂ ಬೋರ್‌ಸ್ಕೋಪ್, ಲೀಕ್‌ಡೌನ್, ಫಿಲ್ಟರ್ ಕತ್ತರಿಸುವುದು, ಎಲ್ಲವೂ ಆಗಬೇಕು. ನೋಡಲು ಬಿಡದ ಮಾರಾಟಗಾರನ ಎಂಜಿನ್ ಬೇಡ. ಎಂಜಿನ್ ಕೋಡ್ ಪೂರ್ತಿ ಹೊಂದಬೇಕು. ಒಂದೇ ಸಿ.ಸಿ. ಇದ್ದರೂ ಕ್ರ್ಯಾಂಕ್ ಸೆನ್ಸರಿನ ಹಲ್ಲುಚಕ್ರ ಬೇರೆಯಾದರೆ ಇಸಿಯು ಗುರುತೇ ಹಿಡಿಯದು. ನೋಂದಣಿ ಪತ್ರದಲ್ಲಿ ಎಂಜಿನ್ ನಂಬರ್ ಇರುವ ಕಡೆ ಬದಲಾವಣೆ ದಾಖಲಿಸಲು ಖರೀದಿ ರಸೀದಿ ಬೇಕಾಗುತ್ತದೆ. ಗ್ಯಾರಂಟಿ ಕೊಟ್ಟರೆ ಅದು ಬಿಡಿಭಾಗಕ್ಕೆ ಮಾತ್ರವೋ, ಇಳಿಸಿ ಏರಿಸುವ ಕೂಲಿಗೂ ಸೇರಿಯೋ ಕೇಳಿ. ಎರಡನೆಯದು ಇಲ್ಲದಿದ್ದರೆ ಆ ಗ್ಯಾರಂಟಿಯ ಬೆಲೆ ಅರ್ಧ.

ಹೊರಗಿನ ವಾರಂಟಿ ಪಾಲಿಸಿ ಏನಾದರೂ ಚಾಲ್ತಿಯಲ್ಲಿದ್ದರೆ, ಅವರ ಸರ್ವೇಯರ್ ಬಂದು ನೋಡುವ ತನಕ ಎಂಜಿನ್ ಬಿಚ್ಚಬೇಡಿ. ಬಿಚ್ಚಿದ ಎಂಜಿನ್ ತೋರಿಸಿ ಕ್ಲೇಮ್ ಕೇಳಿದರೆ ತಿರಸ್ಕರಿಸಲು ಅದೊಂದೇ ಸಾಕು. ಚಾಸಿಸ್ ನಂಬರ್ ಹಾಕಿ ಬಾಕಿ ರೀಕಾಲ್ ಇದೆಯೇ ಅಂತಲೂ ನೋಡಿ. ಕಂಪನಿಯ ಸರ್ವಿಸ್ ದಾಖಲೆ ಪೂರ್ತಿ ಇದ್ದರೆ ವಾರಂಟಿ ಮುಗಿದಿದ್ದರೂ ಗುಡ್‌ವಿಲ್ ನೆರವು ಕೇಳಿ ಪತ್ರ ಬರೆಯಿರಿ. ಹಳೆಯ ಕಾರಿಗೆ ಸಿಗುವ ಸಂಭವ ಕಡಿಮೆ, ಖರ್ಚು ಮಾತ್ರ ಒಂದು ಪತ್ರದ್ದು.

ಸ್ಟ್ರೇಟ್‌ಕಟ್
ಹಳೆ ಎಂಜಿನ್ ತರೋರಿಗೆ ಇಸವಿ ಮುಖ್ಯ ಅನ್ನೋದಕ್ಕೆ ಉದಾಹರಣೆ ಪೋರ್ಷೆ 911, ಬಾಕ್ಸ್‌ಸ್ಟರ್. 2000ರಿಂದ 2005ರ ಸುಮಾರಿನ ಎಂ96 ಎಂಜಿನ್‌ಗಳಲ್ಲಿ ಐಎಂಎಸ್ (ಕ್ರ್ಯಾಂಕಿನಿಂದ ಕ್ಯಾಮ್‌ಶಾಫ್ಟಿನ ಕಡೆಗೆ ಚಾಲನೆ ದಾಟಿಸುವ ನಡುವಿನ ಶಾಫ್ಟ್) ಬೇರಿಂಗ್ ಒಂದೇ ಸಾಲು ಗುಂಡಿನದು, ಹೆಚ್ಚು ದುರ್ಬಲ. 2001-2005ರ ಮಾಡೆಲ್‌ಗಳ ಬಗ್ಗೆ ಅಮೆರಿಕದಲ್ಲಿ ಸಾಮೂಹಿಕ ದಾವೆ ಹೂಡಿ 2013ರಲ್ಲಿ ರಾಜಿಯೂ ಆಯ್ತು. 2006-2008ರದು ದೊಡ್ಡ ಬೇರಿಂಗ್, ಗಟ್ಟಿ, ಆದ್ರೆ ಎಂಜಿನ್ ಎರಡು ಹೋಳು ಮಾಡದೆ ತೆಗೆಯೋಕೆ ಬರಲ್ಲ. 2009ರ ಹೊಸ ಎಂಜಿನ್‌ನಲ್ಲಿ ಆ ಶಾಫ್ಟೇ ಇಲ್ಲ. ಅದೇ ಕಾಲದ ಟರ್ಬೊ, ಜಿಟಿ3 ಕಾರಿನ ಮೆಟ್ಸ್‌ಗರ್ ಎಂಜಿನ್‌ಗೆ ಈ ರೋಗವಿಲ್ಲ. ಒಂದೇ ಆಕಾರದ ಕಾರು, ಒಳಗೆ ಬೇರೆ ಬೇರೆ ಸಂಸಾರ.

ಸಂಪ್‌ಪ್ಲಗ್
ಎಲ್ಲರೂ ಎಂಜಿನ್ ಬಗ್ಗೆಯೇ ಮಾತಾಡ್ತಿದ್ದೀರಿ. ಹೊಸ ಎಂಜಿನ್ನನ್ನು ಸಾಯಿಸೋದು ಹಳೆ ಎಂಜಿನ್ನಿನ ಸುತ್ತ ಉಳಿದ ಸಾಮಾನು.

ಆಯಿಲ್ ಕೂಲರ್: ತಟ್ಟೆ ಜೋಡಿಸಿದಂಥ ಬಗೆಯದಾದರೆ ಒಳಗೆ ಸಿಕ್ಕ ಲೋಹದ ಪುಡಿ ಎಷ್ಟು ತೊಳೆದರೂ ಪೂರ್ತಿ ಹೋಗಲ್ಲ, ಹೊಸದು ಹಾಕಿ. ಆಯಿಲ್ ಪೈಪು, ಡ್ರೈ ಸಂಪ್ (ಆಯಿಲನ್ನು ಬೇರೆ ಟ್ಯಾಂಕಿನಲ್ಲಿಡುವ ಏರ್ಪಾಡು) ಇದ್ದರೆ ಆ ಟ್ಯಾಂಕು, ವೇರಿಯಬಲ್ ಕ್ಯಾಮ್ ಸೊಲೆನಾಯ್ಡಿನ ಜಾಲರಿ, ಹೈಡ್ರಾಲಿಕ್ ಲಿಫ್ಟರ್, ಪಿಸ್ಟನ್ ಕೆಳಗಿನ ಆಯಿಲ್ ಜೆಟ್, ಎಲ್ಲೆಲ್ಲೂ ಪುಡಿ ಇರುತ್ತೆ. ಹಳೇ ಬ್ಲಾಕನ್ನೇ ಕಟ್ಟುವುದಾದರೆ ಆಯಿಲ್ ಗ್ಯಾಲರಿಯ (ಬ್ಲಾಕಿನೊಳಗೆ ಆಯಿಲ್ ಹರಿಯುವ ದಾರಿಯ) ಪ್ಲಗ್ ಬಿಚ್ಚಿಸಿ ಬ್ರಷ್ ಹಾಕಿ ತೊಳೆಸಬೇಕು. ಬರೀ ಗಾಳಿ ಊದಿದರೆ ಪುಡಿ ಮೂಲೆಗೆ ಸೇರಿಕೊಳ್ಳುತ್ತೆ.

ಇಂಜೆಕ್ಟರ್: ಆರನ್ನೂ ಬೆಂಚಿಗೆ ಹಾಕಿ ಸೋರಿಕೆ ಮತ್ತು ಸ್ಪ್ರೇ ನೋಡಿಸಿ. ಸೋರುವ ಇಂಜೆಕ್ಟರಿನ ಪೆಟ್ರೋಲು ಬೋರಿನ ಆಯಿಲ್ ಪದರ ತೊಳೆಯುತ್ತೆ. ಗೀರು ಬಿದ್ದ ಸಿಲಿಂಡರಿನ ಇಂಜೆಕ್ಟರನ್ನೇ ಮೊದಲು ಅನುಮಾನಿಸಿ. ಅದನ್ನೇ ತೆಗೆದು ಹೊಸ ಬೋರಿಗೆ ಹಾಕಿದರೆ ಹಳೇ ಕತೆ ಮತ್ತೆ.

ಕ್ಯಾಟಲಿಟಿಕ್ ಕನ್ವರ್ಟರ್: ಅಷ್ಟು ಆಯಿಲ್ ಸುಟ್ಟು ಮಿಸ್‌ಫೈರ್ ಆದ ಬದಿಯದನ್ನು ಕ್ಯಾಮೆರಾ ಹಾಕಿ ನೋಡಿ. ಕರಗಿದ್ದರೆ ಹಿಂದೊತ್ತಡ, ಪುಡಿಯಾಗಿದ್ದರೆ ಅದರ ಚೂರು ವಾಪಸ್ ಎಳೆದುಕೊಳ್ಳುವ ಅಪಾಯ.

ಎಂಜಿನ್ ಕೆಳಗಿರುವಾಗಲೇ ಕ್ಲಚ್, ರಿಯರ್ ಮೇನ್ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ಆಯಿಲ್ ಸೆಪರೇಟರ್, ಎಂಜಿನ್ ಮೌಂಟ್, ಕೈ ಹೋಗದ ಜಾಗದ ಹೋಸ್ ಪೈಪು ಬದಲಿಸಿ.

ಬಾಕ್ಸರ್‌ಆರು
ಇದೇ ಎಂಜಿನ್ ಇಳಿಸಿ ಆರಕ್ಕೂ ಸ್ಲೀವ್ ಹಾಕಿಸುವುದು ಅಂತ ಅಂದುಕೊಂಡಿದ್ದೇನೆ. ಗ್ಯಾರೇಜಿನ ಜೊತೆ ಏನೇನು ಬರೆಸಿಕೊಳ್ಳಬೇಕು? ಮೊದಲ ಸ್ಟಾರ್ಟ್ ಹೇಗೆ?

ಖಾತೆಪುಸ್ತಕ
ಬಿಚ್ಚಿ ನೋಡುವ ಕೂಲಿ ಬೇರೆ, ಕಟ್ಟುವ ಕೂಲಿ ಬೇರೆ ಅಂತ ಬರೆಸಿ. ಬಿಚ್ಚಿದ ಮೇಲೆ ಬೇಡ ಅನ್ನುವ ಹಕ್ಕು ನಿಮಗಿರಬೇಕು. ಬಿಡಿಭಾಗದ ಪಟ್ಟಿ ಪಾರ್ಟ್ ನಂಬರ್ ಸಮೇತ. ಪಟ್ಟಿ ಮೀರಿದ ಯಾವುದಕ್ಕೂ ಮೊದಲೇ ಒಪ್ಪಿಗೆ. ತೆಗೆದ ಸಾಮಾನೆಲ್ಲ ವಾಪಸ್. ಲೇತಿನ ಅಳತೆ ಹಾಳೆ. ಹಣ ಕಂತಿನಲ್ಲಿ: ಬಿಚ್ಚಿದಾಗ ಒಂದು, ಲೇತಿನಿಂದ ಬ್ಲಾಕ್ ಬಂದಾಗ ಒಂದು, ಗಾಡಿ ಓಡಿ ಸೋರಿಕೆ ಇಲ್ಲ ಅಂತ ಖಚಿತವಾದ ಮೇಲೆ ಕೊನೆಯದು.

ಲೇತ್‌ಮನೆ
ಮೊದಲ ಸ್ಟಾರ್ಟಿಗೆ ಮುನ್ನ ಪ್ಲಗ್ ಹಾಕದೆ, ಇಗ್ನಿಷನ್ ಮತ್ತು ಪೆಟ್ರೋಲ್ ಕಡಿದು, ಸ್ಟಾರ್ಟರಿನಿಂದ ತಿರುಗಿಸಿ ಆಯಿಲ್ ಪ್ರೆಷರ್ ಏರಿಸಿ. ಒಂದು ಸಲಕ್ಕೆ 10-15 ಸೆಕೆಂಡು, ನಡುವೆ ಒಂದು ನಿಮಿಷ ಬಿಡುವು. ಡ್ಯಾಶ್‌ಬೋರ್ಡಿನ ಗೇಜ್ ನಂಬದೆ ಮೆಕ್ಯಾನಿಕಲ್ ಗೇಜ್ ಕಟ್ಟಿ. ಪ್ರೆಷರ್ ಬಾರದೆ ಪ್ಲಗ್ ಮುಟ್ಟಬೇಡಿ. ಕೂಲೆಂಟನ್ನು ಸಾಧ್ಯವಾದರೆ ವ್ಯಾಕ್ಯೂಮ್ ಹಾಕಿ ತುಂಬಿಸಿ, ಮಲಗಿದ ಎಂಜಿನ್‌ನಲ್ಲಿ ಗಾಳಿ ಗುಳ್ಳೆ ಸುಲಭಕ್ಕೆ ಹೊರಬರದು.

ಸ್ಟಾರ್ಟ್ ಆದಮೇಲೆ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವುದು ತಪ್ಪು. ರಿಂಗ್ ಕೂರಲು ಲೋಡ್ ಬೇಕು. ಸೋರಿಕೆ ನೋಡಿ, ಬಿಸಿಯಾಗಿಸಿ, ರಸ್ತೆಗೆ ತನ್ನಿ: ಮೂರನೇ ಗೇರಿನಲ್ಲಿ ಅರ್ಧ ಥ್ರಾಟಲ್‌ವರೆಗೆ ಎಳೆಸಿ, ಕಾಲು ತೆಗೆದು ಎಂಜಿನ್ ಬ್ರೇಕಿನಲ್ಲಿ ಇಳಿಸಿ, ಹೀಗೆ ಹಲವು ಸಲ. ಒಂದೇ ಆರ್‌ಪಿಎಂನಲ್ಲಿ ಹೈವೇ ಓಟ ಬೇಡ, ಕೆಂಪು ಗೆರೆಯೂ ಬೇಡ. ಆಯಿಲ್ ಮತ್ತು ಫಿಲ್ಟರ್ 50 ಕಿ.ಮೀ.ಗೆ, 500ಕ್ಕೆ, 1,500ಕ್ಕೆ. ಪಿಸ್ಟನ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅವರದೇ ನಡೆಯಲಿ.

ಸಂಪ್‌ಪ್ಲಗ್
ಆ ಮೂರು ಫಿಲ್ಟರನ್ನೂ ಕತ್ತರಿಸಿ. ಮೊದಲನೆಯದರಲ್ಲಿ ನವಿರು ಪುಡಿ ಇರುತ್ತೆ, ಗಾಬರಿ ಬೇಡ. ಎರಡನೆಯದರಲ್ಲಿ ಅದಕ್ಕಿಂತ ಕಡಿಮೆ ಇರಬೇಕು. ಜಾಸ್ತಿ ಕಂಡರೆ ಗಾಡಿ ನಿಲ್ಲಿಸಿ, ಫಿಲ್ಟರ್ ಹಿಡಿದುಕೊಂಡೇ ಗ್ಯಾರೇಜಿಗೆ ಹೋಗಿ.